ವಿಕಿಪೀಡಿಯ ಪುಟ ಎಷ್ಟು ನಂಬಬಹುದು ಅಂತ ಅಳೆಯುವುದು ಹೇಗೆ? (ನಮ್ಮೂರ ಕೆರೆಯ ಕಥೆ)

ಶೋಭಾ_ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಗೆ "ನಮ್ಮೂರಿನ ಇತಿಹಾಸ" ಅಂತ ಪ್ರಾಜೆಕ್ಟ್ ಕೊಟ್ಟಿದ್ದೆ. ಕನ್ನಡ ವಿಕಿಪೀಡಿಯದಲ್ಲಿ ನಮ್ಮೂರಿನ ಪುಟ ಇದೆ, ಅದನ್ನೂ ನೋಡಿ ಅಂದಿದ್ದೆ. ಹೇಳುವ ಮೊದಲು ನಾನೇ ಒಮ್ಮೆ ತೆರೆದು ನೋಡಿದ್ದೆ. ಕೆಳಗೆ 11 ಉಲ್ಲೇಖ. ಇತಿಹಾಸದ ಟ್ಯಾಬ್ ಒತ್ತಿದರೆ ಅರವತ್ತಕ್ಕೂ ಜಾಸ್ತಿ ಸಂಪಾದನೆ, ಅಂದರೆ ತಿದ್ದುಪಡಿ. 2009ರಿಂದ ಇರುವ ಪುಟ. ಇಷ್ಟು ಜನ ಕೈಯಾಡಿಸಿದ್ದಾರೆ, ಸರಿಯಾಗಿಯೇ ಇರುತ್ತದೆ ಅಂದುಕೊಂಡೆ.

ನಿನ್ನೆ ಒಬ್ಬಳು ಹುಡುಗಿ ಕೈ ಎತ್ತಿದಳು. "ಮಿಸ್, ಕೆರೆಯನ್ನು ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಕ್ರಿ.ಶ. 1480ರಲ್ಲಿ ಕಟ್ಟಿಸಿದರು ಅಂತ ಇದೆ. ಸದಾಶಿವರಾಯನ ಪುಟ ತೆಗೆದರೆ ಅವನು ಪಟ್ಟಕ್ಕೆ ಬಂದದ್ದೇ 1542ರಲ್ಲಿ. ಹುಟ್ಟುವ ಮುಂಚೆಯೇ ಕೆರೆ ಕಟ್ಟಿಸಿದನಾ?" ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಈಗ ನನ್ನ ಪ್ರಶ್ನೆ. ಉಲ್ಲೇಖ ಎಣಿಸಿದರೂ ಆಗಲಿಲ್ಲ, ಸಂಪಾದನೆ ಎಣಿಸಿದರೂ ಆಗಲಿಲ್ಲ. ಮಕ್ಕಳಿಗೆ ಹೇಳಿಕೊಡುವಂಥ ಅಳತೆಗೋಲು ಏನಾದರೂ ಇದೆಯಾ?

ಕೋಡುಬಳೆ
ಆ ಹುಡುಗಿಗೆ ಪೂರ್ತಿ ಮಾರ್ಕ್ಸ್ ಕೊಡಿ ಮೇಡಂ. ಅಳತೆಗೋಲು ಕ್ಲಾಸಿನಲ್ಲೇ ಕೂತಿದೆ.

ಧಾರವಾಡ_ಪೇಢೆ
ಯಾರು ಬೇಕಾದರೂ ಬರೆಯುವ ಜಾಗದಲ್ಲಿ ಇದೆಲ್ಲ ಇದ್ದದ್ದೇ ರೀ. ವಿಶ್ವಕೋಶ ಅಂದರೆ ಮೈಸೂರು ವಿಶ್ವವಿದ್ಯಾಲಯ ತಂದ 14 ಸಂಪುಟಗಳು. ವಿಷಯ ಬಲ್ಲವರು ಬರೆದರು, ಬರೆದವರ ಹೆಸರಿತ್ತು. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಬರೆದದ್ದನ್ನು ಮಕ್ಕಳಿಗೆ ಓದಿ ಅಂತ ಕೊಡುತ್ತೀರಾ?

ನ್ಯೂಜೆರ್ಸಿ_ನಂಜುಂಡ
ಪೇಢೆ ಅವರೇ, ಈ ವಾದ ಹಳೆಯದಾಯಿತು. ವಿಕಿಪೀಡಿಯ ಬ್ರಿಟಾನಿಕಾ ವಿಶ್ವಕೋಶದಷ್ಟೇ ಸರಿ ಇದೆ ಅಂತ ನೇಚರ್ ವಿಜ್ಞಾನ ಪತ್ರಿಕೆ ಎಂದೋ ತೋರಿಸಿಬಿಟ್ಟಿದೆ.

ಅಂಕಿಸಂಖ್ಯೆ
"ಅಷ್ಟೇ ಸರಿ" ಅಂತ ತೋರಿಸಿಲ್ಲ ಸರ್. ಎಲ್ಲರೂ ತಲೆಬರಹ ಓದಿ ನಿಲ್ಲಿಸುತ್ತಾರೆ.

2005ರ ಡಿಸೆಂಬರ್‌ನಲ್ಲಿ ನೇಚರ್ ಮಾಡಿದ್ದು ಇಷ್ಟು. ಎರಡೂ ಕಡೆಯಿಂದ ವಿಜ್ಞಾನದ 42 ವಿಷಯಗಳ ಲೇಖನ ತೆಗೆದುಕೊಂಡು, ಯಾವುದು ಎಲ್ಲಿಯದು ಅಂತ ಹೇಳದೆ ತಜ್ಞರಿಗೆ ಕೊಟ್ಟರು. ವಿಕಿಪೀಡಿಯದಲ್ಲಿ 162 ತಪ್ಪು, ಬ್ರಿಟಾನಿಕಾದಲ್ಲಿ 123. ಲೇಖನಕ್ಕೆ ಸುಮಾರು ನಾಲ್ಕು, ಮೂರು. ದೊಡ್ಡ ತಪ್ಪುಗಳು ಮಾತ್ರ ಎರಡರಲ್ಲೂ ನಾಲ್ಕು ನಾಲ್ಕು. ಆ ಕೊನೆಯ ಲೆಕ್ಕ ಹಿಡಿದುಕೊಂಡು "ಎರಡೂ ಒಂದೇ" ಅಂತ ಸುದ್ದಿ ಆಯಿತು. 2006ರ ಮಾರ್ಚ್‌ನಲ್ಲಿ ಬ್ರಿಟಾನಿಕಾದವರು ಉದ್ದನೆಯ ತಕರಾರು ಬರೆದರು. ಕೆಲವು ಕಡೆ ತಜ್ಞರಿಗೆ ಪೂರ್ತಿ ಲೇಖನ ಕೊಟ್ಟಿಲ್ಲ, ತುಂಡು ಕೊಟ್ಟಿದ್ದಾರೆ ಅಂತ. ನೇಚರ್ ತನ್ನ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಅದು ಇಂಗ್ಲಿಷ್, ಅದೂ ವಿಜ್ಞಾನ, ಅದೂ 42. ಅದರಿಂದ ಟೀಚರ್ ಊರಿನ ಕೆರೆ ಬಗ್ಗೆ ಏನು ತಿಳಿಯುತ್ತದೆ? ಏನೂ ಇಲ್ಲ.

ಮಂಗಳೂರು_ಬನ್ಸ್
ಮೆಡಿಕಲ್‌ನಲ್ಲೂ ಹೀಗೆ ಒಂದು ಬಂದಿತ್ತು ಅಲ್ವಾ? ಹತ್ತರಲ್ಲಿ ಒಂಬತ್ತು ಲೇಖನ ತಪ್ಪು ಅಂತ. ನನ್ನ ತಂಗಿ ನರ್ಸಿಂಗ್ ಓದುವಾಗ ಅವಳ ಕ್ಲಾಸಿನಲ್ಲಿ ಅದನ್ನೇ ಹೇಳಿ ಹೆದರಿಸುತ್ತಿದ್ದರು.

ಅಂಕಿಸಂಖ್ಯೆ
ಹೌದು, 2014ರದ್ದು. ಹತ್ತರಲ್ಲಿ ಒಂಬತ್ತು ಅಂದರೆ ಅಲ್ಲಿ ನೋಡಿದ್ದೇ ಹತ್ತು ಲೇಖನ! ಅಮೆರಿಕದಲ್ಲಿ ಹೆಚ್ಚು ಖರ್ಚು ಮಾಡಿಸುವ ಹತ್ತು ಕಾಯಿಲೆಗಳು. ಒಂದೊಂದನ್ನೂ ಇಬ್ಬರು ವೈದ್ಯರು ಓದಿ, ಬೇರೆ ವೈದ್ಯಕೀಯ ಬರಹಗಳ ಜೊತೆ ಹೋಲಿಸಿದರು. ಅಂಕಿಗಳನ್ನು ಲೆಕ್ಕ ಹಾಕಿದ ರೀತಿಗೂ ಆಮೇಲೆ ಆಕ್ಷೇಪ ಬಂತು. ನೇಚರ್ ಹಿಡಿದುಕೊಂಡು ಹೊಗಳುವವರೂ ಇದನ್ನು ಹಿಡಿದುಕೊಂಡು ಬೈಯುವವರೂ ಒಂದೇ ತಪ್ಪು ಮಾಡುತ್ತಾರೆ. ಒಂದು ಹಿಡಿ ಅಕ್ಕಿ ಅಳೆದು ಇಡೀ ಗೋದಾಮಿನ ಲೆಕ್ಕ ಹೇಳುವುದು.

ಕೋಡುಬಳೆ
ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ?

ಅಂಕಿಸಂಖ್ಯೆ
ಒಂದೇ ಪಾತ್ರೆಯಲ್ಲಿ ಬೆಂದಿದ್ದರೆ ಸಾಕು ಮಾರಾಯ. ಇಲ್ಲಿ ಒಂದೊಂದು ಅಗುಳೂ ಒಂದೊಂದು ಒಲೆಯ ಮೇಲೆ ಬೆಂದದ್ದು.

ಅರಳಿಕಟ್ಟೆ_ಕಾಯಂ
ನಾನು ಕನ್ನಡ ವಿಕಿಪೀಡಿಯದಲ್ಲಿ ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. (ಅಲ್ಲಿನ ಚರ್ಚೆಯ ಜಾಗಕ್ಕೆ "ಅರಳಿ ಕಟ್ಟೆ" ಅಂತಲೇ ಹೆಸರು. ನನ್ನ ಹೆಸರು ಅಲ್ಲಿಂದ ಬಂದದ್ದು.)

ಮೇಡಂ, ನೀವು ಎಣಿಸಿದ ಅರವತ್ತು ಸಂಪಾದನೆಗಳನ್ನು ಒಂದೊಂದಾಗಿ ತೆರೆದು ನೋಡಿದಿರಾ? ಸಣ್ಣ ಊರುಗಳ ಪುಟದಲ್ಲಿ ಮುಕ್ಕಾಲು ಪಾಲು ತಾನಾಗಿ ಓಡುವ ಪ್ರೋಗ್ರಾಂಗಳ, ಅಂದರೆ ಬಾಟ್‌ಗಳ ಕೆಲಸ. ವರ್ಗ ಸೇರಿಸುವುದು, ಕೊಂಡಿ ಸರಿಮಾಡುವುದು, ಟೆಂಪ್ಲೇಟು ಬದಲಿಸುವುದು. ಅದು ಓದಿ ತಿದ್ದಿದ್ದಲ್ಲ, ಪುಸ್ತಕಕ್ಕೆ ರಟ್ಟು ಹಾಕಿದ್ದು. ಉಳಿದದ್ದರಲ್ಲಿ ಯಾರೋ ತಮ್ಮ ಹೆಸರನ್ನು "ಊರಿನ ಗಣ್ಯರು" ಅಂತ ಸೇರಿಸಿರುತ್ತಾರೆ, ಇನ್ನೊಬ್ಬರು ತೆಗೆದಿರುತ್ತಾರೆ. 😀

ಇಂಗ್ಲಿಷ್‌ನಲ್ಲಿ ಸಂಪಾದನೆ ಜಾಸ್ತಿ ಇರುವ ಪುಟ ಚೆನ್ನಾಗಿರುತ್ತದೆ ಅಂತ 2007ರಲ್ಲೇ ವಿಲ್ಕಿನ್‌ಸನ್ ಮತ್ತು ಹ್ಯೂಬರ್‌ಮನ್ ತೋರಿಸಿದ್ದರು. ಅಲ್ಲಿ ಜನ ಇದ್ದಾರೆ. ನಮ್ಮಲ್ಲಿ ನಿತ್ಯ ಬರೆಯುವವರು ಒಂದು ಟೆಂಪೋದಲ್ಲಿ ಹಿಡಿಸುತ್ತಾರೆ.

ಶೋಭಾ_ಟೀಚರ್
ತೆರೆದು ನೋಡಿರಲಿಲ್ಲ. ಈಗ ನೋಡಿದೆ. ನೀವು ಹೇಳಿದ ಹಾಗೇ ಇದೆ. ಮನುಷ್ಯರು ಮಾಡಿದ್ದು ಹದಿನಾಲ್ಕು. ಅದರಲ್ಲಿ ಕೆರೆಯ ಪ್ಯಾರಾ ಮುಟ್ಟಿದ್ದು ಎರಡೇ ಎರಡು. 2009ರಲ್ಲಿ ಒಬ್ಬರು ಉಲ್ಲೇಖ ಇಲ್ಲದೆ ಇಸವಿ ಬರೆದಿದ್ದಾರೆ. 2016ರಲ್ಲಿ ಇನ್ನೊಬ್ಬರು ಅದಕ್ಕೆ ಉಲ್ಲೇಖ ಸೇರಿಸಿದ್ದಾರೆ: ನಮ್ಮೂರ ದೇವಸ್ಥಾನದ ಸ್ಮರಣ ಸಂಚಿಕೆ, 2014.

ಆ ಸಂಚಿಕೆ ನಮ್ಮ ಮನೆಯಲ್ಲೇ ಇದೆ. ಅಟ್ಟದಿಂದ ಇಳಿಸಿ ನೋಡಿದೆ. ಅದರ 7ನೇ ಪುಟದಲ್ಲಿ ವಿಕಿಪೀಡಿಯದ ವಾಕ್ಯ ಅಕ್ಷರ ಬಿಡದೆ ಹಾಗೇ ಇದೆ. "ಕಟ್ಟಿಸಿದನೆಂದು" ಅನ್ನುವುದಕ್ಕೆ "ಕಟ್ಟಿಸದನೆಂದು" ಅಂತ ಕಾಗುಣಿತದ ತಪ್ಪಿತ್ತು, ಅದೂ ಹಾಗೇ ಬಂದಿದೆ.

ಮಂಗಳೂರು_ಬನ್ಸ್
ಅಯ್ಯೋ! ಅಂದರೆ ವಿಕಿಪೀಡಿಯ ನೋಡಿ ಸಂಚಿಕೆ, ಸಂಚಿಕೆ ನೋಡಿ ವಿಕಿಪೀಡಿಯ?

ಅಂಕಿಸಂಖ್ಯೆ
ಇದಕ್ಕೆ ಹೆಸರೇ ಇದೆ. ಎಕ್ಸ್‌ಕೆಸಿಡಿ ಅನ್ನುವ ವ್ಯಂಗ್ಯಚಿತ್ರ ಸರಣಿ 2011ರಲ್ಲಿ "ಸೈಟೋಜೆನೆಸಿಸ್" ಅಂತ ಇಟ್ಟಿತು. ಉಲ್ಲೇಖ ಎಣಿಸುವ ಅಳತೆ ಇಲ್ಲಿಯೇ ಕೆಡುವುದು. ಟೀಚರ್ ಪುಟದಲ್ಲಿ 2016ಕ್ಕೆ ಮುಂಚೆ ಉಲ್ಲೇಖ ಇರಲಿಲ್ಲ, ಆಮೇಲೆ ಬಂತು. ಯಾವ ಯಂತ್ರ ಅಳೆದರೂ ಪುಟ ಸುಧಾರಿಸಿದೆ ಅಂತಲೇ ಹೇಳುತ್ತದೆ.

ಧಾರವಾಡ_ಪೇಢೆ
ನಾನು ಹೇಳಿದ್ದೇ ಇದು. ತಪ್ಪು ಅಂದರೆ ತಪ್ಪು. ಅಳೆಯುವುದೇನು ಬಂತು?

ಲೈಬ್ರರಿಯಮ್ಮ
ಪೇಢೆ ಅಣ್ಣ, ಇಲ್ಲಿ ವಿಕಿಪೀಡಿಯ ಇಲ್ಲದಿದ್ದರೆ ನಮಗೆ ಇಷ್ಟೂ ಗೊತ್ತಾಗುತ್ತಿರಲಿಲ್ಲ. ಯಾರು, ಯಾವ ದಿನ, ಯಾವ ಪದ ಹಾಕಿದರು ಅಂತ ಟೀಚರ್ ಹತ್ತು ನಿಮಿಷದಲ್ಲಿ ಹೇಳಿದರು. ಸ್ಮರಣ ಸಂಚಿಕೆಯ 7ನೇ ಪುಟ ಯಾರು ಬರೆದರು ಅಂತ ಕಮಿಟಿಯವರನ್ನು ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ವಿಶ್ವಕೋಶದ 14 ಸಂಪುಟಗಳ ಬಗ್ಗೆ ನನಗೂ ಗೌರವ ಇದೆ. ದಿನಾ ಧೂಳು ಹೊಡೆಯುವವಳು ನಾನೇ. ಆದರೆ ಅದರಲ್ಲಿ ಇವರ ಊರಿನ ಕೆರೆ ಇಲ್ಲ.

ಕೋಡುಬಳೆ
ವಿಶ್ವಕೋಶ ಅಂದಾಗ ನೆನಪಾಯಿತು. ಕಾರಂತರು ಒಬ್ಬರೇ ಕೂತು ಬಾಲಪ್ರಪಂಚ ಬರೆದರಲ್ಲ, ಮೂರು ಸಂಪುಟ. ಅವರ "ಸಂಪಾದನೆಗಳ ಸಂಖ್ಯೆ: 1, ಸಂಪಾದಕರು: 1". ನಿಮ್ಮ ಯಂತ್ರ ಅದನ್ನು ಚುಟುಕು (ಪೂರ್ತಿಯಾಗದ ಪುಟ್ಟ ಲೇಖನ) ಅಂತ ತಳ್ಳಿಹಾಕುತ್ತೆ. 😂

ನ್ಯೂಜೆರ್ಸಿ_ನಂಜುಂಡ
ನಮ್ಮ ಮನೆಯಲ್ಲಿತ್ತು ಬಾಲಪ್ರಪಂಚ! ಅಜ್ಜ ಖಾಕಿ ಕಾಗದದ ಬೈಂಡು ಹಾಕಿಟ್ಟಿದ್ದರು. ಈಗ ಯಾರ ಹತ್ತಿರ ಇದೆಯೋ. ದಾಯಾದಿಗಳು ಜಮೀನು ಹಂಚಿಕೊಂಡರು, ಪುಸ್ತಕ ಯಾರೂ ಕೇಳಲಿಲ್ಲ.

ಇರಲಿ. ಅಂಕಿಸಂಖ್ಯೆ ಅವರೇ, ನೇಚರ್ ವಿಷಯ ಒಪ್ಪಿದೆ. ಆದರೆ ಯಾರಾದರೂ ತಪ್ಪು ತುರುಕಿದರೆ ಬೇಗ ಸರಿಮಾಡುತ್ತಾರೆ ಅನ್ನುವುದಂತೂ ನಿಜ ಅಲ್ವಾ? ಯಾರೋ ಪ್ರೊಫೆಸರ್ ಬೇಕಂತಲೇ ತಪ್ಪು ಹಾಕಿ ನೋಡಿದ್ದರಲ್ಲ?

ಅಂಕಿಸಂಖ್ಯೆ
ಅಲೆಕ್ಸಾಂಡರ್ ಹ್ಯಾಲವೇಯ್, 2004. ಹದಿಮೂರು ತಪ್ಪು ಹಾಕಿದರು, ಕೆಲವೇ ಗಂಟೆಯಲ್ಲಿ ಹದಿಮೂರೂ ಹೋದವು. ಆದರೆ ಎಲ್ಲ ತಪ್ಪೂ ಒಂದೇ ಕೈಯಿಂದ ಬಂದಿತ್ತು. ಒಂದು ಸಿಕ್ಕಿದರೆ ಆ ಬಳಕೆದಾರನ ಉಳಿದ ಕೆಲಸವನ್ನೂ ತೆರೆದು ನೋಡುತ್ತಾರೆ, ಎಲ್ಲವೂ ಸಿಗುತ್ತವೆ. 2008ರಲ್ಲಿ ಪಿ.ಡಿ. ಮ್ಯಾಗ್ನಸ್ ಅನ್ನುವ ತತ್ವಶಾಸ್ತ್ರದ ಪ್ರಾಧ್ಯಾಪಕರು ತಪ್ಪುಗಳನ್ನು ಚೆದುರಿಸಿ ಹಾಕಿದರು. 48 ಗಂಟೆ ಕಳೆದರೂ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿದ್ದವು. ಆಮೇಲೆ ಅವರೇ ತೆಗೆದರು.

ಬೈಗುಳ ಬರೆದರೆ, ಪುಟ ಅಳಿಸಿದರೆ ನಿಮಿಷದಲ್ಲಿ ಸರಿಹೋಗುತ್ತದೆ. ಒಂದು ಇಸವಿ ಬದಲಿಸಿದರೆ? ಅದು ಇಸವಿಯ ಹಾಗೇ ಕಾಣುತ್ತದೆ. 1480 ನೋಡಿ ಯಾರಿಗೆ ಸಂಶಯ ಬರುತ್ತದೆ?

ಅರಳಿಕಟ್ಟೆ_ಕಾಯಂ
ಬಿಚೋಲಿಂ ಯುದ್ಧದ ಕಥೆ ಇಲ್ಲಿ ಹೇಳಲೇಬೇಕು. ಬಿಚೋಲಿಂ ಗೋವಾದಲ್ಲಿದೆ, ನಮ್ಮ ಗಡಿಯಿಂದ ದೂರ ಇಲ್ಲ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೇಖನ ಬಂತು. 1640–41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಅಲ್ಲಿ ಯುದ್ಧ ಆಯಿತು ಅಂತ. ಸುಮಾರು 4,500 ಪದ. ಹಿನ್ನೆಲೆ, ಕಾಳಗ, ಒಪ್ಪಂದ, ಅಡಿಟಿಪ್ಪಣಿ, ಗ್ರಂಥಗಳ ಪಟ್ಟಿ ಎಲ್ಲ ಇದೆ. ಎರಡೇ ತಿಂಗಳಲ್ಲಿ "ಉತ್ತಮ ಲೇಖನ" ಅನ್ನುವ ದರ್ಜೆ ಕೊಟ್ಟರು. ಐದು ವರ್ಷ ಆ ದರ್ಜೆ ಇತ್ತು.

ಯುದ್ಧವೇ ನಡೆದಿರಲಿಲ್ಲ! ಪಟ್ಟಿಯಲ್ಲಿದ್ದ ಪುಸ್ತಕಗಳನ್ನು ಹುಡುಕಿದರೆ ಸಿಗಲಿಲ್ಲ. 2012ರ ಕೊನೆಯಲ್ಲಿ ಒಬ್ಬ ಸಂಪಾದಕ ಕೂತು ಒಂದೊಂದೇ ಪುಸ್ತಕ ಹುಡುಕಿದ ಮೇಲೆ ಅಳಿಸಿದರು. ಉದ್ದ ಇತ್ತು, ಉಲ್ಲೇಖ ಇತ್ತು, ದರ್ಜೆ ಇತ್ತು, ಕಾಲವೂ ತಡೆದುಕೊಂಡಿತ್ತು. ಯಾವ ಅಳತೆಯಲ್ಲೂ ಪಾಸು.

ಧಾರವಾಡ_ಪೇಢೆ
1640ರಲ್ಲಿ ಮರಾಠಾ ಸಾಮ್ರಾಜ್ಯ ಎಲ್ಲಿಂದ ಬಂತು ರೀ? ಶಿವಾಜಿ ಹುಟ್ಟಿದ್ದೇ 1630ರಲ್ಲಿ. ಹತ್ತು ವರ್ಷದ ಹುಡುಗ.

ಶೋಭಾ_ಟೀಚರ್
ಅದೇ! ನನ್ನ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ. ಪುಟವನ್ನು ಪಕ್ಕದ ಪುಟದ ಜೊತೆ ಇಟ್ಟು ನೋಡಿದಳು.

ಅಂಕಿಸಂಖ್ಯೆ
ಉದ್ದದ ಮಾತು ಬಂತಲ್ಲ. 2008ರಲ್ಲಿ ಒಂದು ಸಂಶೋಧನೆ ಬಂತು. ಬೇರೆ ಏನನ್ನೂ ನೋಡದೆ, 2,000 ಪದಕ್ಕಿಂತ ಉದ್ದ ಇದ್ದರೆ ಇಂಗ್ಲಿಷ್‌ನ ಅತ್ಯುತ್ತಮ ದರ್ಜೆಯ ಲೇಖನ, ಇಲ್ಲದಿದ್ದರೆ ಅಲ್ಲ ಅಂತ ಗೆರೆ ಎಳೆದರೆ ನೂರಕ್ಕೆ 96ರಷ್ಟು ಸಲ ಸರಿಯಾಗುತ್ತದೆ ಅಂತ. ಓದಿ ನಗು ಬಂತು. ಆದರೆ ಅದು ಅಳೆದದ್ದು ಸತ್ಯವನ್ನಲ್ಲ, ಸಂಪಾದಕರು ಕೊಟ್ಟ ದರ್ಜೆಯನ್ನು. ಇನ್ಸ್‌ಪೆಕ್ಟರ್ ಬರುವ ದಿನ ಗೋಡೆಗೆ ಸುಣ್ಣ ಬಳಿದಿರುತ್ತದೆ ಅಲ್ವಾ, ಹಾಗೆ.

ಅರಳಿಕಟ್ಟೆ_ಕಾಯಂ
ಆ ಗೆರೆಯನ್ನು ಕನ್ನಡಕ್ಕೆ ತಂದರೆ ಗೂಗಲ್ ಅನುವಾದದ ಲೇಖನಗಳೆಲ್ಲ ಚಿನ್ನದ ಪದಕ ಹೊಡೆಯುತ್ತವೆ! ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 2009ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದದ ಉಪಕರಣ ಬಳಸಿ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳು ಮುಂತಾದ ಭಾಷೆಗಳಿಗೆ ತರಿಸಿತು. ಉದ್ದುದ್ದ ಲೇಖನ, ಕೆಳಗೆ ರಾಶಿ ಉಲ್ಲೇಖ. ವಾಕ್ಯ ಮಾತ್ರ ಮೂರು ಸಾಲು ಓಡುತ್ತದೆ, ಕರ್ತೃ ಬೆಂಗಳೂರಿನಲ್ಲಿ ಹತ್ತಿದರೆ ಕ್ರಿಯಾಪದ ಹುಬ್ಬಳ್ಳಿಯಲ್ಲಿ ಇಳಿಯುತ್ತದೆ. ಬಂಗಾಳಿಯವರು ಬೇಡ ಅಂತ ಅಳಿಸಿದರು. ನಾವು ತಿದ್ದುತ್ತಾ ಕೂತೆವು. ಇನ್ನೂ ಕೂತಿದ್ದೇವೆ.

ನ್ಯೂಜೆರ್ಸಿ_ನಂಜುಂಡ
ಹಾಗಾದರೆ ಪುಟವನ್ನು ಬಿಟ್ಟು ಪದವನ್ನೇ ಅಳೆಯಬಹುದಲ್ಲ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಸ್‌ನಲ್ಲಿ ವಿಕಿಟ್ರಸ್ಟ್ ಅಂತ ಮಾಡಿದ್ದರು. ಹೊಸಬರು ಹಾಕಿದ ಪದದ ಹಿಂದೆ ಕಿತ್ತಳೆ ಬಣ್ಣ. ಬೇರೆಯವರು ಬಂದು ಸಂಪಾದನೆ ಮಾಡಿದರೂ ಆ ಪದ ಉಳಿದರೆ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಕಡೆಗೆ ಬಿಳಿ. ಬರೆದವನ ಪದಗಳು ಜಾಸ್ತಿ ಉಳಿದರೆ ಅವನ ಅಂಕವೂ ಏರುತ್ತದೆ. ನನಗೆ ತುಂಬ ಇಷ್ಟವಾಗಿತ್ತು.

ಅಂಕಿಸಂಖ್ಯೆ
ಒಳ್ಳೆಯ ಯೋಚನೆಯೇ. ಓದುವವನಿಗೆ ಎಲ್ಲಿ ಕಣ್ಣಿಡಬೇಕು ಅಂತ ತೋರಿಸುತ್ತದೆ. ಆದರೆ 1480 ಅನ್ನುವ ಅಂಕಿ 2009ರಿಂದ ಅರವತ್ತು ಸಂಪಾದನೆ ದಾಟಿ ಬಂದಿದೆ. ಅದಕ್ಕೆ ಯಾವ ಬಣ್ಣ? ಅಚ್ಚ ಬಿಳಿ. ಜನ ಜಾಸ್ತಿ ಇರುವ ಕಡೆ "ಉಳಿದಿದೆ" ಅಂದರೆ ನೋಡಿದವರು ಒಪ್ಪಿದ್ದಾರೆ ಅಂತ. ನಮ್ಮ ಕಡೆ "ಉಳಿದಿದೆ" ಅಂದರೆ ಯಾರೂ ನೋಡಿಲ್ಲ ಅಂತ. ಎರಡಕ್ಕೂ ಒಂದೇ ಬಣ್ಣ ಬಳಿದರೆ ಹೇಗೆ?

ಮಂಗಳೂರು_ಬನ್ಸ್
ತುಳು ವಿಕಿಪೀಡಿಯದಲ್ಲಂತೂ (2016ರಲ್ಲಿ ಬಂತು) ಇನ್ನೂ ಕಷ್ಟ. ಅಲ್ಲಿ ನಾನು ಬರೆದದ್ದನ್ನು ತಿದ್ದುವುದೂ ನಾನೇ. ನನ್ನ ಪದ ಎಲ್ಲವೂ ಉಳಿದಿವೆ, ನಾನು ಮಹಾ ಪಂಡಿತೆ.

ಹಳೇಸೈಕಲ್
ಎರಡು ದಿನದಿಂದ ಓದುತ್ತಾ ಸುಮ್ನಿದ್ದೆ. ಇನ್ನು ಸುಮ್ಮನಿರುವುದು ಸರಿಯಲ್ಲ.

ಟೀಚರ್, ನೀವು ಊರಿನ ಹೆಸರು ಹೇಳಿಲ್ಲ. ಆದರೆ "ಕಟ್ಟಿಸದನೆಂದು" ಅನ್ನುವ ತಪ್ಪು ನೋಡಿ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ಹೋಗಿ ಹುಡುಕಿದೆ. 2009ರಲ್ಲಿ ಆ ಪುಟ ಶುರು ಮಾಡಿದವನು ನಾನೇ. ಆಗ ಕಾಲೇಜು. ಬೇಸಿಗೆ ರಜೆಯಲ್ಲಿ ಅತ್ತೆಯ ಮನೆಗೆ ನಿಮ್ಮೂರಿಗೆ ಬಂದಿದ್ದೆ. ಕೆರೆ ಏರಿ ಮೇಲೆ, ತೂಬಿನ ಪಕ್ಕ ಒಂದು ಕಲ್ಲಿದೆ. ಅರ್ಧ ಮಣ್ಣಿನಲ್ಲಿ ಹೂತಿದೆ. ದನ ಮೇಯಿಸುತ್ತಿದ್ದ ಅಜ್ಜರೊಬ್ಬರು ಅದರ ಮೇಲೆ ನೀರು ಚೆಲ್ಲಿ, ಕೈಯಲ್ಲಿ ಉಜ್ಜಿ "ಸಾವಿರದ ನಾನೂರ ಎಂಬತ್ತು ಅಂತ ಐತೆ ನೋಡು, ಸದಾಶಿವರಾಯ ಅಂತಾನೂ ಐತೆ" ಅಂದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೆಂಗಳೂರಿಗೆ ಬಂದು ಟೈಪ್ ಮಾಡಿದೆ. "ಕ್ರಿ.ಶ." ಅಂತ ಸೇರಿಸಿದ್ದು ನಾನು. ಯಾರೂ ಹೇಳಿರಲಿಲ್ಲ.

ಕೋಡುಬಳೆ
ಸೈಕಲ್ ಅಣ್ಣ, ಸಂಚಿಕೆಯಲ್ಲಿ ನಿಮಗೆ ಸಂಭಾವನೆ ಕೊಟ್ಟರಾ?

ಪಂಚಾಂಗದ_ತಾತ
ಮಗು ಹಳೇಸೈಕಲ್, ಆ ಕಲ್ಲಿನಲ್ಲಿ ಸಂವತ್ಸರದ ಹೆಸರು ಇತ್ತೇ? ನೆನಪು ಮಾಡಿಕೋ.

ಹಳೇಸೈಕಲ್
ಅಜ್ಜ ಏನೋ ಓದಿದ್ದರು ತಾತ. ಹಳೇ ನೋಟ್‌ಬುಕ್ ಊರಿನಲ್ಲಿದೆ, ಅಮ್ಮನಿಗೆ ಹೇಳಿ ಫೋಟೋ ತರಿಸಿದೆ. ನನ್ನ ಅಕ್ಷರದಲ್ಲಿ "ಕಾಳಯುಕ್ತಿ??" ಅಂತ ಇದೆ. ಅದು ಯಾರೋ ಹೆಂಗಸಿನ ಹೆಸರು ಅಂದುಕೊಂಡಿದ್ದೆ.

ಪಂಚಾಂಗದ_ತಾತ
ಹೆಂಗಸಲ್ಲಪ್ಪ, ಅರವತ್ತು ಸಂವತ್ಸರದಲ್ಲಿ ಐವತ್ತೆರಡನೆಯದು. ಕ್ರಿ.ಶ. 1480 ಆಗಿದ್ದರೆ ಶಾರ್ವರಿ ಇರಬೇಕಿತ್ತು. ಅದೇ 1480 ಶಕ ವರ್ಷ ಅಂತ ಇಟ್ಟುಕೋ. 78 ಕೂಡಿಸು. 1558. ಆ ವರ್ಷ ಕಾಳಯುಕ್ತಿಯೇ. 1978ರಲ್ಲಿ ಕಾಳಯುಕ್ತಿ ಬಂದಿತ್ತು, ನನ್ನ ದೊಡ್ಡ ಮಗಳು ಹುಟ್ಟಿದ ವರ್ಷ, ಆದ್ದರಿಂದ ನೆನಪಿದೆ. ಅಲ್ಲಿಂದ ಅರವತ್ತರ ಏಳು ಸುತ್ತು ಹಿಂದೆ ಹೋದರೆ ಸರಿಯಾಗಿ 1558. ಸದಾಶಿವರಾಯನ ಕಾಲಕ್ಕೂ ಕೂಡುತ್ತದೆ.

ಶೋಭಾ_ಟೀಚರ್
ತಾತ, ನಿಮಗೆ ದೊಡ್ಡ ನಮಸ್ಕಾರ. ನಾಳೆ ಕ್ಲಾಸಿನಲ್ಲಿ ಇದೇ ಲೆಕ್ಕ ಮಾಡಿಸುತ್ತೇನೆ.

ಅಂಕಿಸಂಖ್ಯೆ
ಶಕ ಅನ್ನುವ ಎರಡಕ್ಷರ ಬಿಟ್ಟು ಹೋದದ್ದಕ್ಕೆ ಇಷ್ಟೆಲ್ಲ. ಮೇಡಂ, ನಿಮ್ಮ ಪ್ರಶ್ನೆಗೆ ನನಗೆ ಹೊಳೆಯುವುದು ಇಷ್ಟು. ಪುಟಕ್ಕೆ ಮಾರ್ಕ್ಸ್ ಹಾಕಿಸಬೇಡಿ. ಇಡೀ ಪುಟದಿಂದ ಚೀಟಿ ಎತ್ತಿದ ಹಾಗೆ ಹತ್ತು ವಾಕ್ಯ ಆರಿಸಿ. ಒಂದೊಂದಕ್ಕೂ ಮೂರು ಪ್ರಶ್ನೆ: ಉಲ್ಲೇಖ ತೆರೆಯುತ್ತದಾ, ತೆರೆದರೆ ಅದರಲ್ಲಿ ಆ ಮಾತು ಇದೆಯಾ, ಆ ಉಲ್ಲೇಖ ವಿಕಿಪೀಡಿಯಕ್ಕಿಂತ ಹಳೆಯದಾ? ಹತ್ತರಲ್ಲಿ ಎಷ್ಟು ಮೂರೂ ದಾಟಿತು ಅಂತ ಬರೆಯಲಿ. ಆಮೇಲೆ ಪಕ್ಕದ ಪುಟ ಇಟ್ಟು ನೋಡುವುದು ನಿಮ್ಮ ಹುಡುಗಿ ಹೇಳಿಕೊಟ್ಟಿದ್ದಾಳೆ.

ಧಾರವಾಡ_ಪೇಢೆ
ಇದನ್ನು ಪುಸ್ತಕಕ್ಕೂ ಮಾಡಿಸಿ. ಪಕ್ಷಪಾತ ಬೇಡ.

ಲೈಬ್ರರಿಯಮ್ಮ
ಓಹೋ, ಪೇಢೆ ಅಣ್ಣ ಸ್ವಲ್ಪ ಕರಗಿದರು!

ಶೋಭಾ_ಟೀಚರ್
ಒಂದು ತಮಾಷೆ ಆಯಿತು. ನಿನ್ನೆ ರಾತ್ರಿ ಖಾತೆ ತೆರೆದು 1480 ಅಳಿಸಿ 1558 ಹಾಕಿದೆ, ಸಂಚಿಕೆಯ ಉಲ್ಲೇಖ ತೆಗೆದೆ. ಬೆಳಿಗ್ಗೆ ನೋಡಿದರೆ ಯಾರೋ ನನ್ನ ಬದಲಾವಣೆ ರದ್ದು ಮಾಡಿದ್ದಾರೆ. "ಹೊಸ ಬಳಕೆದಾರ, ಕಾರಣ ಕೊಡದೆ ಉಲ್ಲೇಖ ಅಳಿಸಿದ್ದಾರೆ." ತಪ್ಪು ವಾಪಸ್ ಬಂದು ಕೂತಿದೆ.

ನ್ಯೂಜೆರ್ಸಿ_ನಂಜುಂಡ
ವಿಕಿಟ್ರಸ್ಟ್ ಲೆಕ್ಕದಲ್ಲಿ ಈಗ 1480ರ ಅಂಕ ಇನ್ನೂ ಏರಿತು, ಟೀಚರ್ ಅಂಕ ಇಳಿಯಿತು. ನಾನು ಶರಣಾದೆ.

ಅರಳಿಕಟ್ಟೆ_ಕಾಯಂ
ರದ್ದು ಮಾಡಿದವನು ನಾನೇ ಮೇಡಂ. 🙏 ಕ್ಷಮಿಸಿ. ಬೆಳಿಗ್ಗೆ ಕಾಫಿ ಕುಡಿಯುತ್ತಾ "ಇತ್ತೀಚಿನ ಬದಲಾವಣೆಗಳು" ನೋಡುವುದು ನನ್ನ ಅಭ್ಯಾಸ. ಹೊಸ ಖಾತೆ, ಉಲ್ಲೇಖ ಹೋಗಿದೆ, ಬದಲಾವಣೆಯ ಕಾರಣ ಬರೆಯುವ ಸಾರಾಂಶದ ಜಾಗ ಖಾಲಿ. ಬೆರಳು ತಾನೇ ಒತ್ತಿತು. ಅದು ನಿಮ್ಮ ಊರು ಅಂತ ಗೊತ್ತೇ ಆಗಲಿಲ್ಲ.

ಆದರೆ ಒಂದು ಮಾತು. ಸಂವತ್ಸರದ ಲೆಕ್ಕ ನಾವು ಮಾಡಿದ್ದು, ಅದನ್ನು ನೇರವಾಗಿ ಹಾಕುವ ಹಾಗಿಲ್ಲ. ವಿಕಿಪೀಡಿಯದ ನಿಯಮದಲ್ಲಿ ಅದು ಸ್ವಂತ ಸಂಶೋಧನೆ ಆಗುತ್ತದೆ. ಅಚ್ಚಾದ ಆಧಾರ ಬೇಕು.

ಧಾರವಾಡ_ಪೇಢೆ
ಇದೊಳ್ಳೆ ಕಥೆಯಾಯಿತು! ತಪ್ಪು ಸಂಚಿಕೆ ನಡೆಯುತ್ತದೆ, ಸರಿ ಲೆಕ್ಕ ನಡೆಯುವುದಿಲ್ಲ?

ಲೈಬ್ರರಿಯಮ್ಮ
ಜಗಳ ಬೇಡ, ಆಧಾರ ಸಿಕ್ಕಿತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ಶಾಸನಗಳ ಸಂಗ್ರಹ. ಟೀಚರ್ ತಾಲ್ಲೂಕಿನ ಹೆಸರು ಖಾಸಗಿಯಾಗಿ ಕಳಿಸಿದ್ದರು. ಆ ಜಿಲ್ಲೆಯ ಸಂಪುಟ ತೆಗೆದು, ತಾಲ್ಲೂಕಿನ ಭಾಗದಲ್ಲಿ ಊರಿನ ಹೆಸರು ಹುಡುಕಿದೆ. ಇದೆ! ಕನ್ನಡ ಪಾಠ, ರೋಮನ್ ಅಕ್ಷರ, ಇಂಗ್ಲಿಷ್ ಅನುವಾದ ಮೂರೂ ಇದೆ. ಅನುವಾದದ ತಲೆಯ ಮೇಲೆಯೇ ಇಸವಿ ಕೊಟ್ಟಿದ್ದಾರೆ, 1558. ನೂರು ವರ್ಷಕ್ಕೂ ಮುಂಚೆ ಅಚ್ಚಾದದ್ದು ನಮ್ಮ ಕಪಾಟಿನಲ್ಲೇ ಇತ್ತು. ಕೊನೆಯ ಸಲ ಎರವಲು ಹೋದದ್ದು 1997.

ಪುಟದ ಫೋಟೋ ಟೀಚರ್‌ಗೆ ಕಳಿಸಿದ್ದೇನೆ. ಮಕ್ಕಳನ್ನು ಕರೆದುಕೊಂಡು ಬನ್ನಿ ಮೇಡಂ, ಪುಸ್ತಕ ಮುಟ್ಟಿಸಿಯೇ ತೋರಿಸುತ್ತೇನೆ.

ಹಳೇಸೈಕಲ್
ನನ್ನ ಹಳೇ ಖಾತೆಯ ಪಾಸ್‌ವರ್ಡ್ ಸಿಕ್ಕಿತು. ನಾನೇ ತಿದ್ದಿದ್ದೇನೆ, ರೈಸ್ ಸಂಪುಟದ ಉಲ್ಲೇಖ ಹಾಕಿದ್ದೇನೆ, ಸಾರಾಂಶದಲ್ಲಿ "2009ರ ನನ್ನ ತಪ್ಪು" ಅಂತ ಬರೆದಿದ್ದೇನೆ. ಚರ್ಚೆ ಪುಟದಲ್ಲಿ ಪೂರ್ತಿ ಕಥೆ ಹಾಕಿದೆ. "ಕಟ್ಟಿಸದನೆಂದು" ಕೂಡ ಸರಿ ಮಾಡಿದೆ.

ಅರಳಿಕಟ್ಟೆ_ಕಾಯಂ
ನೋಡಿದೆ. ಈ ಸಲ ಬೆರಳು ಸುಮ್ಮನಿತ್ತು.

ಶೋಭಾ_ಟೀಚರ್
ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ. ಹೋದ ವರ್ಷ ಊರಿನವರು ಕೆರೆ ದಾರಿಗೆ ಸಿಮೆಂಟಿನ ಕಮಾನು ಕಟ್ಟಿಸಿದರು. ಅದರ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ "ಸ್ಥಾಪನೆ: 1480" ಅಂತ ಬರೆಸಿದ್ದಾರೆ. ಅದನ್ನು ಯಾರು ರದ್ದು ಮಾಡುತ್ತಾರೆ?

ಪಂಚಾಂಗದ_ತಾತ
ರದ್ದು ಯಾಕಮ್ಮ? ಅಂಕಿ ಸರಿಯಾಗಿಯೇ ಇದೆ. ಹಿಂದೆ "ಶಕ" ಅಂತ ಎರಡಕ್ಷರ ಬರೆಸಿದರೆ ಆಯಿತು.

ಶೋಭಾ_ಟೀಚರ್
ಜಾಗ ಇದೆ ತಾತ! ಪೇಂಟರ್‌ಗೆ ಫೋನ್ ಮಾಡಿದೆ. ಎರಡಕ್ಷರಕ್ಕೆ ಏಣಿ ತರಬೇಕು, ಐನೂರು ಕೊಡಿ ಅಂತಿದ್ದಾನೆ.

ಹಳೇಸೈಕಲ್
ನಂಬರ್ ಕಳಿಸಿ ಟೀಚರ್, ಆ ಐನೂರು ನಾನು ಹಾಕುತ್ತೇನೆ.